ಬದನೆ ಹೊಲಕ್ಕೆ ಬಿದ್ದ ಪಾಚಿ

ಹೊಳೆಯ ದಂಡೆಯಲ್ಲಿ ಮಡಿವಾಳಜ್ಜನ ಆಶ್ರಮ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅಲ್ಲಿನವರಿಗೆ ಕುಡಿಯಲು, ಮೀಯಲು ಪಕ್ಕದ ಹೊಂಡವೇ ಆಧಾರ. ಅದನ್ನು ನೋಡಿಕೊಳ್ಳುವ ಕೆಲಸ ಶಿಷ್ಯ ಈರಭದ್ರನದು.

ಒಂದು ಬೇಸಿಗೆ ಹೊಂಡ ಹಸಿರಾಯಿತು.

ಮೇಲಿನ ದಿಬ್ಬದಲ್ಲಿ ದಂಡಪ್ಪ ಸಾಹುಕಾರ ಅರವತ್ತು ಎಮ್ಮೆ ಕಟ್ಟಿದ್ದ. ಕೊಟ್ಟಿಗೆ ತೊಳೆದ ನೀರನ್ನು ಕಾಲುವೆ ತೋಡಿ ನೇರ ಹೊಂಡಕ್ಕೆ ಬಿಟ್ಟಿದ್ದ. ಸಗಣಿಯ ಸಾರ ಉಂಡು ಪಾಚಿ ಕೊಬ್ಬಿತು. ಮೀನುಗಳು ಸತ್ತು ತೇಲಿದವು.

ಈರಭದ್ರ ಪಾಚಿ ಬಾಚಿದ. ಅದು ಮತ್ತೆ ಬೆಳೆಯಿತು. ಮತ್ತೆ ಬಾಚಿದ. ಎಂಟನೆಯ ದಿನ ಸಿಟ್ಟು ನೆತ್ತಿಗೇರಿತು.

ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು, ದಿಬ್ಬ ಹತ್ತಿದ. ಅಲ್ಲಿ ಸಾಹುಕಾರನ ಬದನೆ ಹೊಲ. "ನಿನ್ನ ಹೊಲಸು ನೀನೇ ತಿನ್ನು!" ಎನ್ನುತ್ತ ಗಿಡಗಳ ನೆತ್ತಿಯ ಮೇಲೆ ಸುರಿದ. ಒಂದಲ್ಲ, ಮೂವತ್ತು ಬುಟ್ಟಿ.

ಸಂಜೆ ಸಂಗತಿ ತಿಳಿದು ಅಜ್ಜ ಕೇಳಿದರು, "ಸಾಹುಕಾರನ ಹತ್ತಿರ ಮಾತಾಡಿದೆಯಾ?"

"ಅವನ ಹತ್ತಿರ ಏನು ಮಾತು, ಅಜ್ಜಾರ? ಅಂಗಳದಲ್ಲಿ ಎರಡು ನಾಯಿ ಕಟ್ಟಿದ್ದಾನೆ."

"ಹೊಲದಲ್ಲಿ ನಾಯಿ ಇರಲಿಲ್ಲ?"

"ಇರಲಿಲ್ಲ."



ಒಂದೂವರೆ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸತ್ಯವ್ವ ಎಂಬ ಹೆಂಗಸು ಬುಟ್ಟಿ ತುಂಬ ಬದನೆಕಾಯಿ ಹೊತ್ತು ಆಶ್ರಮಕ್ಕೆ ಬಂದಳು. ಅಜ್ಜನ ಮುಂದೆ ಇಳಿಸಿ ಕೈಮುಗಿದಳು.

"ನಿಮ್ಮ ಶಿಷ್ಯರ ಪುಣ್ಯ, ಅಜ್ಜಾರ. ನನ್ನ ಗಿಡ ಎಲ್ಲಾ ಹಳದಿ ಬಿದ್ದಿದ್ದುವು. ಇವರು ಹಾಕಿದ ಪಾಚಿ ಎತ್ತಿ ಒಣಗಿಸಿದೆ. ಪುಡಿ ಮಾಡಿ ಮಣ್ಣಾಗ ಕಲಸಿ ಬುಡಕ್ಕ ಕೊಟ್ಟೆ. ಹೆಂಗ ಹಿಡದಾವ ನೋಡ್ರಿ ಕಾಯಿ!"

ಈರಭದ್ರ ಬೆಚ್ಚಿದ. "ಅದು ಸಾಹುಕಾರನ ಹೊಲ ಅಲ್ಲವಾ?"

"ನೆಲ ಅವರದು. ಪಾಲಿಗೆ ಮಾಡಾಕಿ ನಾನು."

ತನ್ನ ಸೇಡು ಸಾಹುಕಾರನ ನೆಲದಲ್ಲೇ ಕಾಯಿ ಬಿಟ್ಟಿದೆ! ಈರಭದ್ರನಿಗೆ ತಡೆಯಲಾಗಲಿಲ್ಲ. "ಹಾಳಾಗಲಿ ಅಂತ ಸುರಿದದ್ದು ನಾನು, ಬೆಳೆಯಲಿ ಅಂತ ಅಲ್ಲ!"

ಸತ್ಯವ್ವ ಮುಗಿದ ಕೈ ಇಳಿಸಿದಳು.

"ಮೂಲ್ಯಾಗಿನ ಇಪ್ಪತ್ತು ಗಿಡ ಪಾಚಿ ಅಡಿಗೆ ಸಿಕ್ಕು ಕೊಳತು ಹೋದುವು. ಪಾಪ, ಸಾಧುಗಳಿಗೆ ಹಾಕೂದು ತಿಳೀಲಿಲ್ಲ ಅಂದುಕೊಂಡಿದ್ದೆ. ಬೇಕಂತ ಮಾಡಿದ್ಯಾ? ಮನ್ಯಾಗ ನಾಲ್ಕು ಹೊಟ್ಟಿ ಅದಾವ. ನನ್ನ ಬದನಿ ನಿನಗೇನ ಮಾಡಿತ್ತೋ?"

ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡಳು. ತಿರುಗಿ ನೋಡದೆ ಹೋದಳು.

ಈರಭದ್ರ ಮೆಲ್ಲಗೆ ಹೇಳಿದ, "ಏನೇ ಆಗಲಿ, ಬೆಳೆ ಚೆನ್ನಾಗಿ ಬಂತಲ್ಲ, ಅಜ್ಜಾರ."

"ಬೆಳೆದದ್ದು ಪಾಚಿಯ ಗುಣ, ಅವಳ ಕೈಗುಣ," ಎಂದರು ಅಜ್ಜ. "ಕೊಳೆತ ಇಪ್ಪತ್ತು ಗಿಡ ಮಾತ್ರ ನಿನ್ನವು."

ಈರಭದ್ರ ಅಂದು ಉಣ್ಣಲಿಲ್ಲ.

ಮರುದಿನದಿಂದ ಬಾಚಿದ ಪಾಚಿಯನ್ನು ದಂಡೆಯ ಬಂಡೆಗಳ ಮೇಲೆ ಹರಡಿದ. ಒಣಗಿದ್ದನ್ನು ಪುಡಿಮಾಡಿ ಸತ್ಯವ್ವನ ಹೊಲಕ್ಕೆ ಹೊತ್ತ. ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಸುರಿಯಬೇಕಾದ ಜಾಗವನ್ನು ಬೆರಳು ಮಾಡಿ ತೋರಿಸಿದಳು, ಅಷ್ಟೇ. ಸತ್ತ ಗಿಡಗಳ ಜಾಗದಲ್ಲಿ ಅವನೇ ಇಪ್ಪತ್ತು ಸಸಿ ನೆಟ್ಟ, ನೀರು ಹೊತ್ತು ಹಾಕಿದ. ಸಸಿಗಳು ಬೇರು ಹಿಡಿದ ದಿನವೂ ಅವಳು ಮಾತಾಡಲಿಲ್ಲ. ಒಂದು ಚೊಂಬು ಮಜ್ಜಿಗೆ ಬದುವಿನ ಮೇಲಿಟ್ಟು ಹೋದಳು.

ಅದನ್ನು ಕುಡಿದು ಆಶ್ರಮಕ್ಕೆ ಮರಳುವಾಗ ಹೊಂಡದ ಬಳಿ ನಿಂತ. ಬೆಳಿಗ್ಗೆ ಬಾಚಿದ್ದಲ್ಲೆಲ್ಲ ಮತ್ತೆ ಹಸಿರು ಕಟ್ಟಿತ್ತು. ಸಾಹುಕಾರನ ಕಾಲುವೆ ಗಳಗಳ ಹರಿಯುತ್ತಿತ್ತು. ಇನ್ನೊಂದು ಮೀನು ಸತ್ತಿತ್ತು.

ಅವನು ಬಂದು ಅಜ್ಜನ ಕಾಲ ಬಳಿ ಕುಳಿತ.

"ಅಜ್ಜಾರ, ಅವಳಿಗೆ ಮಾಡಿದ ತಪ್ಪನ್ನು ಆದಷ್ಟು ತಿದ್ದಿದೆ. ಆದರೆ ಆ ಮನುಷ್ಯನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ಇಷ್ಟು ವರ್ಷ ನಿಮ್ಮ ಹತ್ತಿರ ಇದ್ದು ನಾನು ಕಲಿತದ್ದೇನು?"

ಅಜ್ಜ ಎದ್ದರು. ಧೋತರ ಎತ್ತಿ ಕಟ್ಟಿದರು. ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡರು.

"ಇಳಿಸು ಅಂತ ನಾನು ಯಾವಾಗ ಹೇಳಿದೆ? ನಡಿ ಸಾಹುಕಾರನ ಅಂಗಳಕ್ಕೆ. ನನಗೂ ಸಿಟ್ಟು ಬಂದಿದೆ."