ನೇರಳೆ ಮರದ ಅಪ್ಪಣೆ

ಹೂಂ ಅನ್ನೋರು ಹತ್ತಿರ ಕೂರಿ. ಹೂಂ ಅನ್ನೋರಿಲ್ಲದಿದ್ದರೆ ನನ್ನ ಕತೆ ಕಾಡಲ್ಲೇ ದಾರಿ ತಪ್ಪುತ್ತದೆ.

ಬೆಟ್ಟದ ಬುಡದಲ್ಲೊಂದು ಊರು. ಆ ಊರಲ್ಲಿ ಪುಟ್ಟತಾಯಮ್ಮ. ಪುಟ್ಟತಾಯಮ್ಮನಿಗೆ ಒಬ್ಬ ಮಗ, ಜಡೆಯ. ಆಳು ನೋಡಿದರೆ ಆನೆಮರಿ, ಬುದ್ಧಿ ನೋಡಿದರೆ, ಬಿಡಿ, ಹೆತ್ತವಳೇ ಹುಡುಕಿ ಸುಸ್ತಾಗಿದ್ದಳು. 'ಒಲೆ ಮುಂದೆ ಕೂತಿರು' ಅಂದರೆ ಹಾಲು ಉಕ್ಕಿ ಹರಿದರೂ ಕೂತೇ ಇರುವವನು.

ಅವನ ತಂಗಿ ಚಿಕ್ಕಮಣಿ ತುಂಬಿದ ಬಸುರಿ. ಬಯಕೆ ಊಟಕ್ಕೆ ತವರಿಗೆ ಬಂದವಳು, ನಾಳೆ ಗಂಡನ ಮನೆಗೆ ಹೊರಟು ನಿಂತಿದ್ದಾಳೆ. ಒಬ್ಬಟ್ಟು ಬೇಡ, ಚಕ್ಕುಲಿ ಬೇಡ, ಅವಳಿಗೆ ಬೇಕಾದ್ದು ಕಾಡುನೇರಳೆ. ಅದೂ ಅಣ್ಣನ ಕೈಯಿಂದ ಮಡಿಲಿಗೆ ಬೀಳಬೇಕು, ಆ ಊರಿನ ಪದ್ಧತಿ ಅದು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅಂತ ಪುಟ್ಟತಾಯಮ್ಮನಿಗೆ ದಿಗಿಲು.

ಬೆಳಗ್ಗೆಯೇ ಮೂವರೂ ಕಾಡಿಗೆ ಹೊರಟರು. ಹಳ್ಳದ ದಂಡೆಯಲ್ಲಿ ಒಂದು ದೊಡ್ಡ ನೇರಳೆ ಮರ. ಕತ್ತೆತ್ತಿ ನೋಡಿದರೆ ತುದಿಯೇ ಕಾಣದು. ಹಣ್ಣೆಲ್ಲ ಆ ತುದಿಯಲ್ಲೇ. ಜಡೆಯ ಬಾಯಿ ತೆರೆದುಕೊಂಡು ನಿಂತುಬಿಟ್ಟ.

"ಹತ್ತಬೇಡ ಕಣ್ಲಾ. ನೇರಳೆ ಕೊಂಬೆ ನಂಬಂಗಿಲ್ಲ. ಏರು ಹತ್ತಿದ್ರೆ ಮ್ಯಾಲೆ ಗಿಡ್ಡ ನೇರಳೆ ಮರಗಳವೆ," ಅಂದಳು ಅವ್ವ.

ಚಿಕ್ಕಮಣಿಗೆ ಏರು ಹತ್ತಲಾಗದು. ಮುಂಗಾರಿನ ಗಾಳಿ ಬೇರೆ. ಕರೀಕಂಬಳಿಯನ್ನು ತಲೆತುಂಬ ಹೊದಿಸಿ, ಅವಳನ್ನು ಅದೇ ಮರದ ಕೆಳಗೆ ಕೂರಿಸಿ, ಅವ್ವ ಮಗ ಮೇಲೆ ಹೋದರು.

"ಮಗಾ, ಸುಮ್ನೆ ಕೀಳಬಾರದು. ಮರಾನ ಕೇಳಿ ಕೀಳು," ಅಂದು ಅವ್ವ ಸೊಪ್ಪು ಕುಯ್ಯಲು ಆಚೆ ಹೋದಳು. ಮಡಿಲ ತುಂಬ ಸೊಪ್ಪು ತುಂಬಿಕೊಂಡು ಬಂದು ನೋಡಿದರೆ ಇವನ ಕುಕ್ಕೆ ಬರಿದು. ಮರದ ಮುಂದೆ ಕೈಕಟ್ಟಿ ನಿಂತಿದ್ದಾನೆ.

"ಯಾಕ್ಲಾ ಕಿತ್ತಿಲ್ಲ?"

"ಕೇಳಿವ್ನಿ ಕನವ್ವ. ಅದಿನ್ನೂ ಯೋಚ್ನೆ ಮಾಡ್ತಾ ಅದೆ."

"ಅಯ್ಯೋ ನನ್ನ ಕರ್ಮವೇ. ಮರ ಬಾಯಿಬುಟ್ಟು ಹೇಳ್ತದಾ? ಎಲೆ ಅಲ್ಲಾಡಿದ್ರೆ ಅದೇ ಅಪ್ಪಣೆ. ಅಲ್ಲಾಡ್ತಿದ್ದಂಗೆ ಕೈ ಹಾಕು."

ಸರಿ. ಇಬ್ಬರೂ ಸೇರಿ ಕುಕ್ಕೆ ತುಂಬಿಸಿದರು. ಅವ್ವ ನೀರು ಕುಡಿಯಲು ಹೋದಳು. ಅಷ್ಟರಲ್ಲಿ ಪಕ್ಕದ ಪೊದೆಯ ಎಲೆ ಅಲ್ಲಾಡಿತು. ಅಪ್ಪಣೆಯಾಯಿತಲ್ಲ, ಜಡೆಯ ಮೊಣಕೈವರೆಗೂ ಕೈ ಹಾಕಿದ. ಒಳಗಿದ್ದದ್ದು ಜೇನು. ಅವ್ವ ಬರುವಷ್ಟರಲ್ಲಿ ಅವನ ಮುಖ ಬೋಂಡದಂತೆ ಊದಿಕೊಂಡಿತ್ತು.

"ಪೆದ್ದೇ, ಒಳಗೆ ಯಾರಾದ್ರೂ ಇದ್ರೆ ಅದು ಅವರ ಜಾಗ. ಕೈಮುಗಿದು, 'ನಿಮ್ಮ ಪಾಲು ನಿಮಗೆ ಸ್ವಾಮಿ' ಅಂದು, ಗದ್ದಲ ಮಾಡದೆ ಕೂತ್ಬುಡಬೇಕು."

ಸರಿ. ಅವ್ವ ಊತಕ್ಕೆ ಹಚ್ಚಲು ಮದ್ದಿನ ಸೊಪ್ಪು ಹುಡುಕುತ್ತಾ ನಾಕು ಮಾರು ಹೋದಳು. ಆಚೆಯ ಇನ್ನೊಂದು ಪೊದೆ ಅಲ್ಲಾಡಿತು. ಈ ಸಲ ಒಳಗಿಂದ ಬಂದದ್ದು ಕರಡಿ.

ಜಡೆಯ ಕೈಮುಗಿದ. "ನಿಮ್ಮ ಪಾಲು ನಿಮಗೆ ಸ್ವಾಮಿ," ಅಂದ. ಹಣ್ಣಿನ ಕುಕ್ಕೆಯನ್ನು ಮುಂದಿಟ್ಟ. ಗದ್ದಲ ಮಾಡದೆ ಕೂತ.

ಕಾಡು ಉಸಿರು ಹಿಡಿಯಿತು. ಹಕ್ಕಿಯಿಲ್ಲ, ಗಾಳಿಯಿಲ್ಲ. ಕರಡಿ ಮೂಗೆತ್ತಿ ಅವನ ಮುಖ ಮೂಸಿತು, ಅವನು ಅದರ ಮುಖ ನೋಡಿದ. ಆಮೇಲೆ ಅದು ಕುಕ್ಕೆಗೆ ಬಾಯಿ ಹಾಕಿ ನಿಧಾನಕ್ಕೆ, ಮದುವೆ ಮನೆಗೆ ಬಂದ ಬೀಗರಂತೆ ಉಂಡು, ಬಂದ ದಾರಿಯಲ್ಲೇ ಹೋಯಿತು. ಪುಟ್ಟತಾಯಮ್ಮ ಮರದ ಹಿಂದೆ ನಿಂತು ಇದನ್ನೆಲ್ಲ ಕಂಡಳು. ಅವಳ ಜೀವ ಹೋಗಿ ಬಂತು.

ಓಡಿ ಬಂದು ಮಗನನ್ನು ತಬ್ಬಿದಳು. ತಬ್ಬಿದ ಕೈಯಲ್ಲೇ ಬೆನ್ನಿಗೆರಡು ಕೊಟ್ಟಳು. "ಕಪ್ಪಗೆ, ದಪ್ಪಗೆ ಕೂತಿರೋದು ಕಂಡ್ರೆ ಮರ ಹತ್ತಬೇಕು ಕಣ್ಲಾ. ಅದು ಹೋಗೋಗಂಟ ಇಳೀಬಾರದು." ಕರಡಿಯೂ ಮರ ಹತ್ತುತ್ತದೆ ಅಂತ ಅವಳಿಗೇನು ಗೊತ್ತಿಲ್ಲವೇ? ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದಳು.

ಕುಕ್ಕೆ ಬರಿದು. ಹೊತ್ತು ವಾಲಿತ್ತು. ಮತ್ತೆ ಕೀಳುವ ಧೈರ್ಯ ಅವಳಿಗಿಲ್ಲ. ಮಗಳಿಗೆ ಏನು ಹೇಳಲಿ ಅಂತ ಕಣ್ಣೊರೆಸಿಕೊಳ್ಳುತ್ತಾ ಇಳಿದಳು. ಜಡೆಯ ಮುಂದೆ ಓಡಿದ.

ಹಳ್ಳದ ದಂಡೆಯಲ್ಲಿ, ದೊಡ್ಡ ನೇರಳೆಯ ಕೆಳಗೆ, ಕಪ್ಪಗೆ, ದಪ್ಪಗೆ ಏನೋ ಕೂತಿದೆ.

ಜಡೆಯ ನಡುಗುತ್ತಲೇ ಹಿಂದಿನಿಂದ ಬಳಸಿ ಬಂದು ಮರಕ್ಕೆ ಕೈಮುಗಿದ. "ಹತ್ತಲಾ?" ಅಂದ. ಕಾದ. ಗಾಳಿ ಬೀಸಿತು, ಎಲೆ ಅಲ್ಲಾಡಿತು. ಹತ್ತಿಯೇಬಿಟ್ಟ, ಆ ತುದಿಯವರೆಗೂ. ಅವನು ನಡುಗಿದಂತೆ ಕೊಂಬೆ ನಡುಗಿತು, ಕೊಂಬೆ ನಡುಗಿದಂತೆ ಹಣ್ಣು ಸುರಿಯಿತು. ಚಿಕ್ಕಮಣಿ ಬೆಚ್ಚಿ ತಲೆಯೆತ್ತಿದಳು, ಮಡಿಲೊಡ್ಡಿದಳು. ಸುರಿದೇ ಸುರಿಯಿತು.

ಪುಟ್ಟತಾಯಮ್ಮ ಬಂದು ನೋಡಿದಳು. ಮಗಳ ಮಡಿಲು ತುಂಬಿ ಚೆಲ್ಲುತ್ತಿದೆ. ನಂಬಬಾರದ ಕೊಂಬೆ ಮಗನನ್ನು ಹೊತ್ತು ನಿಂತಿದೆ. ಅವಳ ಕೈ ತಾನಾಗಿ ಮುಗಿಯಿತು. ಮರಕ್ಕೋ, ಮಗನಿಗೋ, ಅವಳಿಗೇ ತಿಳಿಯಲಿಲ್ಲ.

"ಇಳಿಯೋ ನನ್ನಪ್ಪ," ಅಂದಳು.

ಜಡೆಯ ಬಗ್ಗಿ ನೋಡಿದ. ಕರೀಕಂಬಳಿ, ಕಪ್ಪಾದ ಬಾಯಿ, ಬಕಬಕ ತಿನ್ನುತ್ತಿದೆ. ಅಲ್ಲಿಂದಲೇ ಕೈಮುಗಿದ.

"ನಿಮ್ಮ ಪಾಲು ನಿಮಗೆ ಸ್ವಾಮಿ. ತಿಂದು ಹೊರಡಿ. ಆದ್ರೆ ನನ್ ತಂಗಿ ಬಸುರಿ, ಹಣ್ಣಿಗೆ ಕಾಯ್ತಾ ಇಲ್ಲೇ ಎಲ್ಲೋ ಕೂತವ್ಳೆ. ಅವಳಿಗೂ ನಾಕು ಬುಡಿ."