ಇಬ್ಬರು ಮಲಗುವ ಚೀಲ

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಎಂದ ಕೂಡಲೇ ಆನೆ, ಪಲ್ಲಕ್ಕಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಹದಿಮೂರು ಜನ, ಎರಡು ಎಮ್ಮೆ, ಅಂಗಳದಲ್ಲೊಂದು ಬೇವಿನ ಮರ. ಇದ್ದದ್ದು ಅಷ್ಟೇ.

ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಮಾತು ಕಡಿಮೆ.

ಆ ಮಠಕ್ಕೊಂದು ಪದ್ಧತಿ. ಸೇರಿ ವರ್ಷ ತುಂಬಿದವನು ಹೊಳೆಯಾಚೆಯ ಗುಡ್ಡದ ಮೇಲೆ ಒಬ್ಬನೇ ಮೂರು ರಾತ್ರಿ ಇದ್ದು ಬರಬೇಕು. ಇದ್ದು ಬಂದರೆ ಅವನು ಮಠದವನು. ಮೂರು ತುಂಬುವ ಮೊದಲೇ ಇಳಿದು ಬಂದರೆ ಗಂಟು ಕಟ್ಟಿಕೊಂಡು ತನ್ನ ಊರಿಗೆ ಹೊರಡಬೇಕು. ಮಠದ ಕಂಬಳಿ ಗುಡ್ಡ ಹತ್ತುವಂತಿಲ್ಲ. ಹಾಸಿಗೆಯನ್ನು ತನ್ನ ದುಡಿಮೆಯ ಹಣದಲ್ಲಿ ತಾನೇ ಆರಿಸಿ, ಕೊಂಡು, ತಾನೇ ಹೊತ್ತು ಹೋಗಬೇಕು.

ಪುಷ್ಯ ಮಾಸದಲ್ಲಿ ಮುರಿಗೆಪ್ಪನ ಸರದಿ ಬಂತು.

ಮುರಿಗೆಪ್ಪ ನೇಕಾರ. ನಲವತ್ತೈದು ವಯಸ್ಸು. ಹೆಂಡತಿ ಪಾರವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಊರ ಮನೆಗೆ ಬೀಗ ಹಾಕಿ ಬಂದವನು ಮಠದ ಪಡಸಾಲೆಯಲ್ಲಿ ಹನ್ನೊಂದು ಜನರ ಜೊತೆ ಮಲಗುತ್ತಿದ್ದ. ಉಳಿದವರು ಒಬ್ಬರ ಗೊರಕೆಗೆ ಇನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಅವನಿಗೆ ಆ ಗೊರಕೆ ಕೇಳಿದರೆ ಮಾತ್ರ ನಿದ್ದೆ. ಮನೆಯಲ್ಲಿ ಒಬ್ಬನೇ ಮಲಗಲಾರದೆ ಓಡಿ ಬಂದಿದ್ದೇನೆ ಎಂಬುದು ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ, ಪಾಪ.

ಅವನು ಅಜ್ಜಾರ ಮುಂದೆ ಬಂದು ಕೈಮುಗಿದ.

"ಅಜ್ಜಾರ, ಗುಡ್ಡಕ್ಕ ಎಂಥಾ ಹಾಸಿಗಿ ಒಯ್ಯಲಿ?"

"ಅಲ್ಲೆ ನಿನಗ ಯಾತರ ಕಾಟ ಆಕ್ಕೈತಿ ಅನಸ್ತೈತಿ?"

"ಥಂಡಿದು ರಿ."

"ಹಂಗಾರ ಥಂಡಿ ತಡಿಯೂವಂಥಾದು ನೋಡು."

"ನನ್ನ ಕಡೆ ಸಾವಿರ ರೂಪಾಯಿ ಮ್ಯಾಲ ಇಲ್ರಿ."

"ಸಾವಿರ ರೂಪಾಯಿದಷ್ಟು ಥಂಡಿ ತಡಿ."

ಮುರಿಗೆಪ್ಪ ಪೇಟೆಗೆ ಹೋದ. ಅಲ್ಲಿಯ ಬಂಡೆಗಳನ್ನು ಹತ್ತಲು ದೂರದೂರದಿಂದ ಹುಡುಗರು ಬರುತ್ತಾರೆ. ಅವರಿಗೆಂದೇ ರಜಾಕಸಾಬ ಒಂದು ಅಂಗಡಿ ಇಟ್ಟಿದ್ದ. ಹಗ್ಗ, ಬೂಟು, ಡೇರೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ಅಲ್ಲಿ ಸಿಗುತ್ತಿದ್ದವು.

ರಜಾಕಸಾಬ ಮೂರು ಬ್ಯಾಗುಗಳನ್ನು ಹಾಸಿ ತೋರಿಸಿದ.

"ಇದು ದಪ್ಪಂದು. ಹಿಮದಾಗ ಮಲಗಿದ್ರೂ ನಡೀತೈತಿ. ಎರಡೂವರಿ ಸಾವಿರ. ಇದು ತೆಳ್ಳಂದು, ಏಳನೂರು. ನಮ್ಮ ಕಡೆ ಥಂಡಿಗೆ, ಮೂರು ರಾತ್ರಿಗೆ, ಇದು ಸಾಕ್ರಿ. ಮತ್ತ ಇದು ಜೋಡಿ. ಗಂಡ ಹೆಂಡ್ತಿ ಇಬ್ರೂ ಮಲಗೂವಂಥಾದು. ಮೂರು ವರ್ಷ ಆತು, ಯಾರೂ ಒಯ್ದಿಲ್ಲ. ಒಂಬೈನೂರಕ್ಕ ಕೊಟ್ಟುಬಿಡ್ತೀನಿ."

ಮುರಿಗೆಪ್ಪ ಮೂರನೆಯದರ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಹೊಲಿಗೆ ಜಗ್ಗಿ ನೋಡಿದ. ಒಳಗೆ ತುಂಬಿದ್ದನ್ನು ಒತ್ತಿ ನೋಡಿದ. ಎಲ್ಲವನ್ನೂ ನೋಡಿದ, ನೋಡಬೇಕಾದ್ದೊಂದನ್ನು ಬಿಟ್ಟು.

"ಇದನ್ನ ಕೊಡ್ರಿ."

"ಒಬ್ರ ಮಲಗಾವ್ರು ಇದ್ರ ಬ್ಯಾಡ್ರಿ ಇದು," ಎಂದ ರಜಾಕಸಾಬ. "ಚೀಲ ತಾನ ಬಿಸಿ ಕೊಡೂದಿಲ್ಲ. ನಿಮ್ಮ ಮೈ ಬಿಸಿನ ಹಿಡದಿಡತೈತಿ, ಅಷ್ಟ. ಒಳಗ ಖಾಲಿ ಜಾಗಾ ಹೆಚ್ಚಾತು ಅಂದ್ರ ಥಂಡಿ."

"ಇರ್ಲಿ ಬಿಡ್ರಿ. ಸೋವಿ ಸಿಕ್ತಲ್ಲ."

"ತೆಳ್ಳಂದು ಇನ್ನೂ ಸೋವಿ ಐತಲ್ರಿ!"

ಮುರಿಗೆಪ್ಪನಿಗೆ ಆ ಮಾತು ಕೇಳಿಸಲಿಲ್ಲ. ಆಗಲೇ ಹಣ ತೆಗೆದು ಕೊಡುತ್ತಿದ್ದ.

ಮಠಕ್ಕೆ ಬಂದು ಅಜ್ಜಾರ ಮುಂದೆ ಬಿಚ್ಚಿ ಹಾಸಿದ. ಅಜ್ಜಾರು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು.

"ಗುಡ್ಡಕ್ಕ ಎಷ್ಟು ಮಂದಿ ಹೊಂಟೀರಿ?"

"ನಾ ಒಬ್ನ ರಿ, ಅಜ್ಜಾರ."

"ಹೂಂ. ಮೊದಲ ಬೇವಿನ ಗಿಡದ ಬುಡಕ ಮಲಗಿ ನೋಡು."

ಮರುದಿನ ಬೆಳಗ್ಗೆ ಮುರಿಗೆಪ್ಪನ ಕಣ್ಣು ಕೆಂಪಾಗಿದ್ದವು. ತುಟಿ ಒಡೆದಿತ್ತು.

"ಥಂಡಿ ಆತ್ರಿ, ಅಜ್ಜಾರ. ಕಣ್ಣಿಗೆ ಕಣ್ಣು ಹತ್ತಲಿಲ್ಲ."

ಅಜ್ಜಾರು ಕುಕ್ಕರಗಾಲಲ್ಲಿ ಕೂತು ಚೀಲದೊಳಗೆ ಕೈ ಹಾಕಿದರು. ಒಂದು ಬದಿ ಇನ್ನೂ ಬೆಚ್ಚಗಿತ್ತು. ಕೈಯನ್ನು ಆಚೆ ಬದಿಗೆ ಸರಿಸಿದರು. ಆ ಕಡೆ ಬಾವಿಕಟ್ಟೆಯ ಕಲ್ಲು ಮುಟ್ಟಿದ ಹಾಗಿತ್ತು.

"ರಾತ್ರಿಯೆಲ್ಲಾ ಒಂದ ಮಗ್ಗಲಾ ಬಿಟ್ಟು ಸರದಿಲ್ಲ ನೀ."

"ರೂಢಿ ರಿ."

"ಎಂಥಾ ರೂಢಿ?"

ಮುರಿಗೆಪ್ಪ ಮಣ್ಣು ಕೆದಕುತ್ತ ಹೇಳಿದ. "ನಮ್ಮ ಮನ್ಯಾಗ ನಾ ಗ್ವಾಡಿ ಮಗ್ಗಲಾ, ಆಕಿ ಬಾಗಲಾ ಮಗ್ಗಲಾ ರಿ. ನಸುಕಿನ್ಯಾಗ ನಾಕಕ್ಕ ನಳದ ನೀರು ಬರ್ತಿತ್ತು. ನನ್ನ ದಾಟಿ ಹೋದ್ರ ನನಗ ಎಚ್ಚರ ಆಕ್ಕೈತಿ ಅಂತ ಆಕಿನ ಆ ಕಡೆ ಮಲಗ್ತಿದ್ಲು. ಹತ್ತೊಂಬತ್ತು ವರ್ಷ ರಿ."

ಅಜ್ಜಾರು ಎದ್ದು ಎಮ್ಮೆಗೆ ನೀರಿಡಲು ಹೋದರು. ಅವರು ಏನಾದರೂ ಹೇಳಬಹುದಿತ್ತು ಎಂದು ಮುರಿಗೆಪ್ಪನಿಗೆ ಬೇಸರವಾಯಿತು. ಅವರ ಹಿಂದೆಯೇ ಹೋದ.

"ಅಜ್ಜಾರ, ನಾ ಇದನ್ನ ಕೊಟ್ಟು ತೆಳ್ಳಂದು ತರ್ತೀನ್ರಿ."

"ತಾ."

ರಜಾಕಸಾಬ ಒಳ್ಳೆಯವನು. ನಾ ಮೊದಲ ಹೇಳಿದ್ನಲ್ರಿ ಎಂದು ಒಂದೇ ಸಲ ಅಂದು, ತೆಳ್ಳನೆಯದನ್ನು ಕೈಗಿಟ್ಟ.

"ಒಳಗ ಹೊಕ್ಕು ನೋಡ್ರಿ. ಮತ್ತ ಬಸ್ಸಿನ ಖರ್ಚು ಬ್ಯಾಡ."

ಮುರಿಗೆಪ್ಪ ಅಂಗಡಿಯ ಚಾಪೆಯ ಮೇಲೆ ಚೀಲದೊಳಗೆ ಹೊಕ್ಕು ಎದೆಯವರೆಗೆ ಜಿಪ್ ಎಳೆದುಕೊಂಡ. ಎರಡೂ ಕೈ ಮೈಗೆ ಅಂಟಿ ನಿಂತವು. ಒಂದು ಮೈಗೆ ಎಷ್ಟು ಬೇಕೋ ಅಷ್ಟೇ ಅಳತೆ. ಮಗ್ಗುಲು ಬದಲಿಸಿ ಆಚೆ ನೋಡೋಣವೆಂದರೆ ಆಚೆ ಎಂಬುದೇ ಇರಲಿಲ್ಲ. ಅವನಿಗೆ ಉಸಿರು ಕಟ್ಟಿತು. ಜಿಪ್ ಕಿತ್ತುಹೋಗುವ ಹಾಗೆ ಎಳೆದು ಹೊರಗೆ ಬಂದ. ಆ ಚಳಿಯಲ್ಲೂ ಹಣೆ ಬೆವತಿತ್ತು.

"ಇದರಾಗ ಜಾಗಾನ ಇಲ್ರಿ."

"ಇನ್ಯಾರಿಗೆ ಜಾಗಾ ಬೇಕಾಗೈತ್ರಿ?" ಎಂದ ರಜಾಕಸಾಬ. ಅವನು ಸುಮ್ಮನೆ ಕೇಳಿದ್ದು, ಚುಚ್ಚಲು ಕೇಳಿದ್ದಲ್ಲ.

ಮುರಿಗೆಪ್ಪ ಜೋಡಿ ಚೀಲವನ್ನೇ ಮತ್ತೆ ಎತ್ತಿಕೊಂಡ. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಅಷ್ಟು ದೊಡ್ಡ ಗಂಟನ್ನು ಅಲ್ಲಿಡದೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಕೂತ. ಕಿಟಕಿಯಾಚೆ ಜೋಳದ ಹೊಲಗಳು ಹೋಗುತ್ತಿದ್ದವು. ನೋಡು ಅಂತ ತೋರಿಸಲು ಯಾರೂ ಇರಲಿಲ್ಲ. ಲೋಕದಲ್ಲಿ ತನ್ನಷ್ಟು ಒಂಟಿ ಇನ್ನೊಬ್ಬನಿಲ್ಲ ಎನಿಸಿತು.

"ಬದಲಿ ಮಾಡಾಕ ಆಗಲಿಲ್ರಿ, ಅಜ್ಜಾರ."

"ಅಂಗಡಿಯಾಂವ ಒಲ್ಲೆ ಅಂದನೇನು?"

"ಇಲ್ರಿ. ನನ್ನ ಕೈಲೆ ಆಗಲಿಲ್ಲ."

ಅಜ್ಜಾರು ಒಳಗೆ ಹೋಗಿ ಒಂದು ದಪ್ಪ ಸೂಜಿ, ಒಂದುಂಡೆ ದಾರ ತಂದು ಕೊಟ್ಟರು.

"ಉದ್ದಕ್ಕ ಒಂದು ಹೊಲಿಗಿ ಹಾಕು. ಆ ಕಡೀದು ಮುಚ್ಚಿ ಹೋಗ್ತೈತಿ. ಇದ ಚೀಲ ಒಬ್ಬಂದು ಆಕ್ಕೈತಿ."

ಉಪಾಯ ಸರಿಯಾಗಿತ್ತು. ಮುರಿಗೆಪ್ಪ ಜಗಲಿಯ ಮೇಲೆ ಚೀಲ ಹಾಸಿಕೊಂಡು ಕೂತ. ದಾರ ಪೋಣಿಸಿದ. ನೇಕಾರನಿಗೆ ಅದೇನು ದೊಡ್ಡ ಮಾತಲ್ಲ. ಸುಣ್ಣದಲ್ಲಿ ಗೆರೆ ಎಳೆದ. ಸೂಜಿಯನ್ನು ಗೆರೆಯ ಮೇಲಿಟ್ಟ. ಅಲ್ಲಿಗೆ ಕೈ ನಿಂತಿತು.

ಊಟದ ಗಂಟೆ ಹೊಡೆಯಿತು. ಎಲ್ಲರೂ ಉಂಡು ಎದ್ದರು. ಎಲೆಗಳನ್ನು ಎಮ್ಮೆಗೆ ಹಾಕಿದರು. ಅವನು ಸೂಜಿ ಹಿಡಿದು ಕೂತೇ ಇದ್ದ.

ಅಜ್ಜಾರು ಬಂದರು.

"ಎಷ್ಟು ಹೊಲಿಗಿ ಆತು?"

"ಒಂದೂ ಇಲ್ರಿ."

"ದಾರ ಹರೀತೇನು?"

"ಇಲ್ರಿ."

"ಸೂಜಿ ಮುರೀತೇನು?"

"ಇಲ್ರಿ, ಅಜ್ಜಾರ."

ಅಜ್ಜಾರು ಪಾದುಕೆ ಬಿಟ್ಟರು. ಮೊಣಕಾಲಿಗೆ ಕೈ ಊರಿ ಬಗ್ಗಿದರು. ಜಿಪ್ ಸರಿಸಿ, ಗೆರೆಯ ಆಚೆಗಿನ ಅರ್ಧದಲ್ಲಿ ನಿಧಾನವಾಗಿ ಹೊಕ್ಕು ಮೈ ಚಾಚಿದರು.

"ಅಜ್ಜಾರ, ಆ ಕಡೆ ಬ್ಯಾಡ್ರಿ."

ಅಜ್ಜಾರು ಕಣ್ಣು ಮುಚ್ಚಿದರು.

"ಅಜ್ಜಾರ, ಈ ಕಡೆ ಸರಿರಿ. ಈ ಕಡೆ ಬೇಕಾದಷ್ಟು ಜಾಗಾ ಐತಿ."

ಅಜ್ಜಾರು ಮಗ್ಗುಲಾಗಿ ಇನ್ನಷ್ಟು ಸುಖವಾಗಿ ಮಲಗಿದರು.

"ಏಳ್ರೀ!"

ಮುರಿಗೆಪ್ಪ ಕೂಗಿದ ಕೂಗಿಗೆ ಎಮ್ಮೆಗಳು ತಲೆಯೆತ್ತಿದವು. ಅಂಗಳ ಗುಡಿಸುತ್ತಿದ್ದವನ ಕಸಬರಿಗೆ ನಿಂತಿತು. ಆ ಮಠದಲ್ಲಿ ಅಜ್ಜಾರ ಮೇಲೆ ಯಾರೂ ದನಿ ಏರಿಸಿದ್ದಿಲ್ಲ. ಆದರೂ ಮುರಿಗೆಪ್ಪ ಮಾತು ಹಿಂದೆಗೆಯಲಿಲ್ಲ.

"ಯಾಕ ಏಳಬೇಕಪಾ ನಾ?" ಕಣ್ಣು ಮುಚ್ಚಿಕೊಂಡೇ ಕೇಳಿದರು ಅಜ್ಜಾರು.

"ಅದು ಪಾರವ್ವನ ಜಾಗಾ ರಿ."

"ಹಂಗೇನು? ಬರ್ಲಿ ಆಕಿ. ಬಂದ ಮ್ಯಾಲ ಏಳ್ತೀನಿ."

ಮುರಿಗೆಪ್ಪ ಬಾಯಿ ತೆರೆದ. ಅದಕ್ಕಿದ್ದ ಉತ್ತರ ಒಂದೇ. ಎರಡು ವರ್ಷ ಬಂದವರೆಲ್ಲ ಆ ಮಾತನ್ನು ಅವನ ಮುಂದೆ ಆಡಿದ್ದರು. ನೆಂಟರು ಆಡಿದ್ದರು, ಓಣಿಯವರು ಆಡಿದ್ದರು. ಅವನು ಮಾತ್ರ ಒಮ್ಮೆಯೂ ಆಡಿರಲಿಲ್ಲ.

"ಬರೂದಿಲ್ರಿ," ಎಂದ.

ಅಜ್ಜಾರು ಕಣ್ಣು ತೆರೆದರು.

"ಆಕಿ ಸತ್ತಾಳ್ರಿ, ಅಜ್ಜಾರ. ಆಕಿ ಬರೂದಿಲ್ಲ."

ಹೇಳಿ ಅವನು ಅಲ್ಲೇ ಜಗಲಿಯ ಮೇಲೆ ಕುಸಿದು, ಸೂಜಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟು ಅತ್ತ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಅಳದಿದ್ದವನು ಈಗ ಸಣ್ಣ ಮಕ್ಕಳಂತೆ ಬಿಕ್ಕಿದ. ಗುಡಿಸುತ್ತಿದ್ದವನು ಕಸಬರಿಗೆ ಗೋಡೆಗಾನಿಸಿ ಹಿತ್ತಲಿಗೆ ಹೋದ.

ಅಜ್ಜಾರು ಅವನ ಅಳು ತಾನಾಗಿ ನಿಲ್ಲುವವರೆಗೆ ಅಲ್ಲೇ ಮಲಗಿದ್ದರು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು.

ಆಮೇಲೆ ಕೈ ಚಾಚಿದರು. "ಎಬ್ಬಸಪಾ. ನಡಾ ಹಿಡದೈತಿ."

ಮುರಿಗೆಪ್ಪ ಅವರನ್ನು ಎರಡೂ ಕೈಯಿಂದ ಹಿಡಿದು ಎಬ್ಬಿಸಿದ.

"ತಪ್ಪಾತ್ರಿ, ಅಜ್ಜಾರ. ನಿಮ್ಮ ಮ್ಯಾಲ ಒದರಿದೆ."

"ಸೂಜಿ ಇಲ್ಲೆ ಕೊಡು. ಅಡಗಿಮನ್ಯಾವ್ರು ಹುಡುಕ್ತಿರ್ತಾರ."

"ಹೊಲಿಯೂದು ಬ್ಯಾಡೇನ್ರಿ?"

"ಬ್ಯಾಡ."

ಮರುದಿನ ಹೊತ್ತೇರಿದ ಮೇಲೆ ಮುರಿಗೆಪ್ಪ ಹೊರಟ. ಒಂದು ಕೈಯಲ್ಲಿ ಹಿಟ್ಟಿನ ಗಂಟು, ಬೆನ್ನಿಗೆ ಆ ಜೋಡಿ ಚೀಲ. ಅಜ್ಜಾರು ಹೊಳೆಯ ತನಕ ಬಂದರು. ದಂಡೆಯಲ್ಲಿ ಹರಿಗೋಲು ಕಾದಿತ್ತು.

"ಅಜ್ಜಾರ, ಮ್ಯಾಲ ಥಂಡಿ ಆಕ್ಕೈತೇನ್ರಿ?"

"ಆಕ್ಕೈತಿ."

"ಒಬ್ಬಾಂವ ಇದ್ದು ಬರ್ತೀನಿ ಅಂತೀರಾ?"

"ಅದನ್ನ ಬಂದ ಮ್ಯಾಲ ನೀನ ಹೇಳು."

ಮುರಿಗೆಪ್ಪ ಅವರ ಕಾಲಿಗೆ ಬಿದ್ದು ಹರಿಗೋಲು ಹತ್ತಿದ. ಅಂಬಿಗ ನೂಕಿದ. ಹರಿಗೋಲು ಒಂದು ಸುತ್ತು ತಿರುಗಿ ದಂಡೆ ಬಿಟ್ಟಿತು. ಹತ್ತು ಮಾರು ದೂರ ಹೋದ ಮೇಲೆ ಮುರಿಗೆಪ್ಪ ಎದ್ದು ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿ ಕೇಳಿದ.

"ಅಜ್ಜಾರ! ಯಾವ ಮಗ್ಗಲಾ ಮಲಗಲಿ?"

ಅಜ್ಜಾರು ದಂಡೆಯಿಂದಲೇ ದನಿ ಎತ್ತಿ ಹೇಳಿದರು.

"ನಡುವ ಮಲಗಪಾ."