ತೊಡೆಯಿಂದ ಒಸರಿದ ನೀರು

ಹೊಳೆಯ ದಂಡೆಯ ಆ ಮಠ ಈಗಿಲ್ಲ. ಅಲ್ಲಿ ಕುದಿಯುತ್ತಿದ್ದ ಕಷಾಯದ ವಾಸನೆ ನೆನೆದರೆ ಇಂದಿಗೂ ಜೀವ ಹಿಗ್ಗುತ್ತದೆ.

ಗಾಯ ಕೊಯ್ದು ಹೊಲಿಯುವುದರಲ್ಲಿ ಅಲ್ಲಿನ ಈರಭದ್ರಜ್ಜ ಹೆಸರಾದವರು. ಕೈ ನಡುಗತೊಡಗಿದ ಮೇಲೆ ಕತ್ತಿಯನ್ನು ಶಿಷ್ಯ ಕೊಟ್ರಯ್ಯನಿಗೆ ಒಪ್ಪಿಸಿದ್ದರು.

ಅಂಬಿಗರ ಹುಲಿಗೆಪ್ಪನ ಅಂಗೈ ಚರ್ಮವನ್ನು ಹಗ್ಗ ಕಿತ್ತುಕೊಂಡು ಹೋಗಿತ್ತು. ಕೊಟ್ರಯ್ಯ ಅವನ ತೊಡೆಸಂದಿಯಿಂದ ಚರ್ಮ ತೆಗೆದು ಅಂಗೈಗೆ ಹೊಲಿದ. ಹುಟ್ಟು ಹಿಡಿಯುವ ಕೈ, ಚರ್ಮ ದಪ್ಪಗಿರಲಿ ಎಂದು ಸ್ವಲ್ಪ ಆಳಕ್ಕೇ ಕೊಯ್ದ.

ಕೈ ಚೆಂದ ಕೂಡಿಕೊಂಡಿತು. ಕೊಟ್ರಯ್ಯನನ್ನು ಹಿಡಿಯುವವರೇ ಇಲ್ಲ. ಮಠಕ್ಕೆ ಬಂದವರಿಗೆಲ್ಲ ಆ ಕೈ ತೋರಿಸಿದ. ಒಂದು ಮುಂಜಾನೆ ಅಜ್ಜನ ಹತ್ತಿರವೂ ಕರೆತಂದು ಕಲ್ಲಿನ ಮೇಲೆ ಕೂರಿಸಿದ.

"ಅಜ್ಜಾರ, ಕೈ ನೋಡ್ರಿ."

"ಕೈ ಇರ್ಲಿ. ಹುಲಿಗೆಪ್ಪ, ಎದ್ದು ನಿಲ್ಲಪಾ."

ಅವನು ಎದ್ದ. ಕಲ್ಲು ಒದ್ದೆಯಾಗಿತ್ತು.

ಹುಲಿಗೆಪ್ಪ ನಾಚಿದ. "ತೊಡಿಯಾಗಿಂದ ನೀರು ಒಸರತೈತ್ರಿ. ಧೋತರ ತೊಯ್ದು, ಮಂದಿ ಏನೇನೋ ತಿಳ್ಕೊಂತಾರ. ಹರಿಗೋಲಿನಾಗ ನೀರು ಬರೋದು ಕಂಡೀನಿ, ಮೈಯಾಗಿಂದ ಬರೋದು ಇದ ಮೊದಲ."

"ಯಾಕ ಹೇಳಲಿಲ್ಲ?"

"ಸಣ್ಣ ಅಯ್ಯಾರು ಕೈ ಅಷ್ಟ ಕೇಳಿದ್ರು."

ಕೊಟ್ರಯ್ಯನ ಮುಖ ಸಪ್ಪಗಾಯಿತು. "ಕೀವಲ್ರಿ ಅಜ್ಜಾರ, ರಕ್ತಾನೂ ಅಲ್ಲ. ಬರೇ ನೀರು."

"ಬರೇ ನೀರಲ್ಲೋ. ಕೂದಲಿಗಿಂತ ಸಣ್ಣ ಕಾಲುವಿ ಇರ್ತಾವ ಅಲ್ಲಿ, ಮೈನೀರು ಹರಿಯೋವು. ನಿನ್ನ ಕತ್ತಿ ಅವನ್ನ ಕಡಿದೈತಿ."

ಹುಲಿಗೆಪ್ಪ ಹೆದರಿದ. "ಕುಕ್ಕರಗಾಲಾಗ ಕುಂತು ಹುಟ್ಟು ಹಾಕೋ ಕೆಲಸ ನಂದು. ತೊಡಿ ಮಡಚಾಕ ಬರಲಿಲ್ಲಂದ್ರ ಈ ಕೈ ತಗೊಂಡು ಏನ್ ಮಾಡ್ಲಿ?"

ಕೊಟ್ರಯ್ಯ ಕತ್ತಿಪೆಟ್ಟಿಗೆಗೆ ಕೈ ಹಾಕಿದ. "ಈಗ ಬಿಚ್ಚಿ, ಒಸರೋ ಜಾಗ ಹುಡುಕಿ ಹೊಲೀತೀನ್ರಿ."

ಅಜ್ಜ ಪೆಟ್ಟಿಗೆಯನ್ನು ತಮ್ಮ ಬೆನ್ನ ಹಿಂದೆ ಸರಿಸಿದರು.

"ಹಳೇ ಧೋತರ ತಾ."

ಅರಿವೆ ಮಡಚಿ ಗಾಯದ ಮೇಲಿಟ್ಟು ಬಿಗಿಯಾಗಿ ಕಟ್ಟಿದರು. ಕಾಲಡಿ ದಿಂಬು ಕೊಟ್ಟು ಮಲಗಿಸಿದರು.

"ನಮ್ಮ ಗುರುಗಳು ಹಿಂಗ ಕಟ್ಟೋವಾಗ ಏನೋ ಹಾಡ್ಕೊಂತಿದ್ರು," ಎಂದರು. "ಹಾಡು ಮರತೀನಿ. ಬಿಗಿ ಎಷ್ಟು ಅನ್ನೋದು ಬೆರಳಿಗೆ ನೆನಪೈತಿ."

ಆ ಗುರುಗಳು ಹೋಗಿ ಯಾವ ಕಾಲವಾಗಿತ್ತೋ. ಅಜ್ಜನ ಕಣ್ಣು ತುಂಬಿತ್ತು.

"ಮುಂದೇನ್ರಿ?" ಎಂದ ಕೊಟ್ರಯ್ಯ.

"ದಿನಾ ಬಿಚ್ಚು, ನೋಡು, ಕಟ್ಟು. ಆಮ್ಯಾಲೆ ಸುಮ್ಮನ ಕಾಯಿ."

ದಿನಾ ಅರಿವೆ ಒದ್ದೆ. ಕೊಟ್ರಯ್ಯನಿಗೆ ಅಳುವೇ ಬರುತ್ತಿತ್ತು. ಮಲಗಿದ್ದ ಹುಲಿಗೆಪ್ಪನೇ ಅವನಿಗೆ ಸಮಾಧಾನ ಹೇಳುತ್ತಿದ್ದ.

ಹೊಳೆಗೆ ಮಳೆಗಾಲದ ಕೆಂಪು ನೀರು ಬರುವ ಹೊತ್ತಿಗೆ ಅರಿವೆ ಒಣಗಿ ಬಂತು. ಹುಲಿಗೆಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ, ಎದ್ದ, ಮತ್ತೆ ಕೂತ.

ಅವನು ಹರಿಗೋಲು ಬಿಟ್ಟ ದಿನ ದಂಡೆಯ ತುಂಬ ಜನ. ಎಲ್ಲರೂ ಅವನ ಕೈ ಹಿಡಿದು ನೋಡುವವರೇ, ಹೊಗಳುವವರೇ. ಹರಿಗೋಲು ಸೆಳವಿಗೆ ಬಿತ್ತು. ಅಜ್ಜ ಕಣ್ಣು ಕೀಲಿಸಿ ನಿಂತಿದ್ದರು.

ಕೊಟ್ರಯ್ಯ ಮೆಲ್ಲಗೆ ಕೇಳಿದ, "ಅಜ್ಜಾರ, ಕೈ ಹೆಂಗ ಕೂಡೈತ್ರಿ?"

"ಕೈ ನೋಡಾಕ ಊರ ಐತಲ್ಲೋ. ನಾ ತೊಡಿ ನೋಡ್ಕೊಂತ ನಿಂತೀನಿ."